ಗಿಡ್ಡಿಯರ ಕಾವು

“ಕಾವು ಜಾಸ್ತಿ ಆಗೋಗಿದೆ ಕಣವ್ವಾ. ಎಲ್ಲಾ ಕೂತ್ಬಿಟ್ಟವೆ,” ಎಂದರು ಯಜಮಾನಿ ಫೋನಿನಲ್ಲಿ.

ಬಸುರಿ ತಂಗಿಯ ಕುಬಸಕ್ಕೆಂದು ನಾನು ಊರಿಗೆ ಹೋಗಿದ್ದೆ. ಗದಗಿನ ಬಸ್‌ಸ್ಟ್ಯಾಂಡ್ ಎದುರಿನ ಎಸ್‌ಟಿಡಿ ಬೂತಿನಲ್ಲಿ, ಹಿಂದೆ ನಿಂತವರು ಗಾಜು ತಟ್ಟುತ್ತಿರುವಾಗ, ಒಂದು ಕಿವಿಗೆ ರಿಸೀವರ್ ಒತ್ತಿ ಇನ್ನೊಂದನ್ನು ಬೆರಳಿನಿಂದ ಮುಚ್ಚಿಕೊಂಡು ಈ ಮಾತು ಕೇಳಿಸಿಕೊಂಡೆ. ಕೇಳಿದ್ದೇ ತಡ ಕುಣಿಯುವಷ್ಟು ಖುಷಿಯಾಯಿತು.

“ಛಲೋ ಆತಲ್ರೀ ಅಕ್ಕಾರ! ಬುಟ್ಟಿ ಮುಚ್ಚಿಡ್ರಿ. ಮ್ಯಾಲೆ ಒಂದು ಗೋಣಿಚೀಲ ಹಾಕ್ರಿ. ಕತ್ತಲ ಇರಲಿ.”

“ಬುಟ್ಟಿ ಮುಚ್ಬೇಕಾ? ಈ ಟೈಮಲ್ಲಾ?”

“ಈಗ ಮುಚ್ಚಬೇಕ್ರಿ. ನಾ ಬರೂತನಕ ತಗೀಬ್ಯಾಡ್ರಿ. ಯಾರೂ ಹತ್ರ ಹೋಗಿ ಕೆದಕಬ್ಯಾಡ್ರಿ.”

“ಸರಿ ಬಿಡು. ಕೋಳಿ ಕೆಲ್ಸದಲ್ಲೇ ಬೆಳೆದೋಳು ನೀನು, ನಿಂಗ್ ಗೊತ್ತಿರುತ್ತೆ,” ಎಂದು ಅವರು ಫೋನ್ ಇಟ್ಟರು.

ಎರಡು ಸಾವಿರದ ಇಸವಿ ದಾಟಿ ಆಗಿನ್ನೂ ಒಂದೆರಡು ವರ್ಷವಾಗಿತ್ತು. ಗಂಡನ ಆಫೀಸಿನ ಕೆಲಸದಿಂದಾಗಿ ನಾವು ಬಿಟಿಎಂ ಲೇಔಟಿನ ಬಾಡಿಗೆ ಮನೆಯಲ್ಲಿದ್ದೆವು. ಮದುವೆಗೆ ಮೊದಲು ನಾನು ಹುಬ್ಬಳ್ಳಿ ಹತ್ತಿರದ ಒಂದು ಹ್ಯಾಚರಿಯಲ್ಲಿ, ಮೆಷಿನ್ನಿನಲ್ಲಿ ಮೊಟ್ಟೆಯಿಟ್ಟು ಮರಿ ತೆಗೆಯುವ ಕಡೆ, ಕೆಲಸ ಮಾಡಿದ್ದೆ. ಆ ಒಂದು ಬಲದ ಮೇಲೆ ಗೊಟ್ಟಿಗೆರೆಯ ಯಜಮಾನಿ ತಮ್ಮ ಬ್ಯಾಂಟಮ್ ಕೋಳಿಗಳನ್ನು ನೋಡಿಕೊಳ್ಳಲು ನನ್ನನ್ನು ಇಟ್ಟುಕೊಂಡಿದ್ದರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಸ್ಸು ಹಿಡಿದು ಹೋಗಿ ಬರುವ ಕೆಲಸ. ಗಂಡನ ಆಫೀಸಿನವರು ನಾನೇನು ಮಾಡುತ್ತೇನೆಂದು ಕೇಳಿದರೆ ನಮ್ಮ ಮನೆಯವರು “ಟೀಚಿಂಗ್” ಎನ್ನುತ್ತಿದ್ದರು. ಕೋಳಿಗಳಿಗೆ ಪಾಠ ಹೇಳುವುದು ಎಷ್ಟು ಕಷ್ಟವೆಂದು ಆ ಬೇಸಿಗೆಯಲ್ಲಿ ನನಗೆ ಗೊತ್ತಾಯಿತು.

ಬ್ಯಾಂಟಮ್ ಎಂದರೆ ಪಾರಿವಾಳಕ್ಕಿಂತ ಚೂರು ದೊಡ್ಡದಾದ ಪುಟಾಣಿ ಕೋಳಿ. ಯಜಮಾನಿಯ ಕೋಳಿಗಳು ಅಚ್ಚಗಪ್ಪು, ಕಾಲಿಗೂ ಪುಕ್ಕ. ಅವರು ಅವನ್ನು ಗಿಡ್ಡಿ ಎಂದು ಕರೆಯುತ್ತಿದ್ದರು. ಬನ್ನೇರುಘಟ್ಟ ರಸ್ತೆಯಲ್ಲಿ ಎಲ್ಲೆಲ್ಲೂ ಹೊಲವಿದ್ದ ಕಾಲದಲ್ಲಿ, ತಾವು ಹಾಲು ಹಾಕುತ್ತಿದ್ದ ತೋಟದ ಬಂಗಲೆಯವರು ಊರು ಬಿಡುವಾಗ ಒಂದು ಜೋಡಿ ಕೊಟ್ಟಿದ್ದರಂತೆ. ಆ ಜೋಡಿಯ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಇವು. ಹೊಲ ಸೈಟುಗಳಾಯಿತು, ಎಮ್ಮೆಗಳು ಹೋದವು, ಹಟ್ಟಿ ಇದ್ದ ಜಾಗದಲ್ಲಿ ಮೂರಂತಸ್ತಿನ ಬಾಡಿಗೆ ಕಟ್ಟಡ ಎದ್ದಿತು. ಕೋಳಿಗಳು ಮಾತ್ರ ಮೆಟ್ಟಿಲು ಹತ್ತಿ ತಾರಸಿಗೆ ಹೋದವು. “ನನ್ ಮದ್ವೆ ಆದಾಗಿಂದ ಈ ಮನೇಲಿ ಉಸಿರಾಡ್ಕೊಂಡಿರೋದು ನಾನೂ ಇವೂ ಅಷ್ಟೇ,” ಎನ್ನುತ್ತಿದ್ದರು. ಮಂಡಿನೋವಿನಿಂದ ಅವರಿಗೆ ತಾರಸಿ ಹತ್ತಲಾಗುತ್ತಿರಲಿಲ್ಲ. ಹಾಗಾಗಿಯೇ ನಾನು ಬಂದದ್ದು.

ಆ ವರ್ಷ ಹದಿನಾರು ಹೇಂಟೆಗಳಿದ್ದವು, ಹುಂಜ ಒಂದೇ. ಒಂದೇ ಏಕೆಂದರೆ, ಕೆಳಮನೆಯ ಬಾಡಿಗೆದಾರ ಕಾಲ್ ಸೆಂಟರಿನಲ್ಲಿ ರಾತ್ರಿ ಪಾಳಿ ಮಾಡಿ ಬೆಳಗಾಗುವಾಗ ಬಂದು ಮಲಗುತ್ತಿದ್ದ. ಅವನು ಕಣ್ಣು ಮುಚ್ಚುವುದಕ್ಕೂ ಹುಂಜಗಳು ಕತ್ತೆತ್ತುವುದಕ್ಕೂ ಸರಿಹೋಗುತ್ತಿತ್ತು. ಅವನ ದೂರು ತಡೆಯಲಾರದೆ ಯಜಮಾನಿ ಒಂದೊಂದೇ ಹುಂಜವನ್ನು ಅವರಿವರಿಗೆ ಕೊಟ್ಟು ಕೊನೆಗೆ ಒಂದನ್ನು ಉಳಿಸಿಕೊಂಡಿದ್ದರು. ಅದರ ಕೂಗೂ ಕೇಳದಿರಲೆಂದು ತಗಡಿನ ಶೀಟು ಹೊದಿಸಿದ ತಾರಸಿಯ ಗೂಡಿಗೆ ಮೂರು ಕಡೆ ಪ್ಲೈವುಡ್ ಹೊಡೆಸಿದ್ದರು. ರಾತ್ರಿ ಹುಂಜವನ್ನು ಕತ್ತು ನೀಡಲಾಗದಷ್ಟು ತಗ್ಗಾದ ಪೆಟ್ಟಿಗೆಯಲ್ಲಿಡುತ್ತಿದ್ದೆವು. ಕತ್ತು ನೀಡದೆ ಹುಂಜಕ್ಕೆ ಕೂಗಲು ಬರುವುದಿಲ್ಲ. ಚಳಿಗಾಲದಲ್ಲಿ ಇದರಿಂದೇನೂ ತೊಂದರೆಯಾಗಲಿಲ್ಲ.

ಬ್ಯಾಂಟಮ್ ಹೇಂಟೆಗಳಿಗೆ ಕಾವಿಗೆ ಕೂರುವ ಹುಚ್ಚು ಬಹಳ. ನಾನು ಹೊರಡುವ ಹೊತ್ತಿಗೆ ನಾಲ್ಕೈದು ಹೇಂಟೆಗಳು ಮೊಟ್ಟೆಯಿಡುತ್ತಿದ್ದವು. ಆದ್ದರಿಂದ ಫೋನಿನ ಮಾತು ನನಗೆ ಶುಭಸುದ್ದಿಯೇ ಆಗಿತ್ತು. ಬಸ್ಸಿನಲ್ಲಿ ಬರುವಾಗ ಎಷ್ಟು ಮರಿಯಾಗಬಹುದು, ಎಷ್ಟು ಹುಂಜಗಳನ್ನು ಕಟ್ಟಿಕೊಂಡು ಏಗಬೇಕು ಎಂದು ಲೆಕ್ಕ ಹಾಕುತ್ತ ಬಂದೆ.

ತಾರಸಿಯ ಬಾಗಿಲು ತೆಗೆದಾಗ ಮೊದಲು ಬಂದದ್ದು ವಾಸನೆ.

ಎಂಟು ಬುಟ್ಟಿಗಳು ಸಾಲಾಗಿ ಬೋರಲಾಗಿದ್ದವು. ಒಂದೊಂದರ ಮೇಲೂ ಗೋಣಿಚೀಲವನ್ನು ಅಚ್ಚುಕಟ್ಟಾಗಿ ಮಡಿಸಿ ಹೊದಿಸಿದ್ದರು, ಗಾಳಿಗೆ ಹಾರದಂತೆ ಇಟ್ಟಿಗೆ ಬೇರೆ. ಮೊದಲ ಬುಟ್ಟಿ ಎತ್ತಿದೆ. ಹೇಂಟೆ ರೆಕ್ಕೆ ಹರಡಿಕೊಂಡು ಚಪ್ಪಟೆಯಾಗಿ ಬಿದ್ದಿತ್ತು. ಕೆಳಗೆ ಒಂದು ಮೊಟ್ಟೆಯೂ ಇರಲಿಲ್ಲ. ಎರಡನೆಯದೂ ಹಾಗೇ. ಮೂರನೆಯದರಲ್ಲಿ ಇನ್ನೂ ಜೀವವಿತ್ತು. ಬಾಯಿ ಅಗಲ ತೆರೆದು, ಗಂಟಲು ಪಟಪಟ ಬಡಿಯುತ್ತ, ಕಣ್ಣು ಅರ್ಧ ಮುಚ್ಚಿ ಕೂತಿತ್ತು. ಕೈಗೆತ್ತಿಕೊಂಡರೆ ಕೊಸರಾಡಲೂ ಇಲ್ಲ. ಮೈ ಸುಡುತ್ತಿತ್ತು. ನಾನು ಒಂದೊಂದೇ ಬುಟ್ಟಿ ಎತ್ತಿ ಎಸೆಯುತ್ತ ಹೋದೆ. ಎಂಟರಲ್ಲಿ ಐದು ಸತ್ತಿದ್ದವು. ಬುಟ್ಟಿ ಸಾಲದೆ ಹೊರಗುಳಿದ ಎಂಟು ಗೂಡಿನೊಳಗೆ ತೇಕುತ್ತಿದ್ದವು.

ಕೆಳಗೆ ಓಡಿ ಬಂದು ಬಾಯಿಗೆ ಬಂದಂತೆ ಕೂಗಾಡಿದೆ. “ಏನ್ರೀ ಅಕ್ಕಾರ ಇದು! ಕಾವಿಗೆ ಕುಂತಾವು ಅಂದ್ರೆಲ್ರೀ! ಒಂದರ ಬುಡಕನೂ ತತ್ತಿ ಇಲ್ಲ!”

ಯಜಮಾನಿ ಕೈಯಲ್ಲಿದ್ದ ಮೊರ ಕೆಳಗಿಟ್ಟರು. “ಕಾವಿಗೆ ಕೂತವೆ ಅಂತ ನಾನ್ಯಾವಾಗ ಅಂದೆ? ಕಾವು ಜಾಸ್ತಿ ಆಗಿದೆ ಅಂದೆ. ಬಿಸ್ಲು ಕಾವು. ಶೀಟು ಕಾದೋಗಿದೆ, ಕೋಳಿಗಳು ನಿಲ್ಲಕ್ಕಾಗ್ದೆ ಕೂತ್ಬಿಟ್ಟವೆ ಅಂದೆ. ನೀನು ಬುಟ್ಟಿ ಮುಚ್ಚು ಅಂದೆ, ಗೋಣಿ ಹಾಕು ಅಂದೆ. ನೆರಳಿಗೆ ಹೇಳ್ತಿದಾಳೆ ಅನ್ಕೊಂಡೆ. ಈ ಮಂಡಿ ಇಟ್ಕೊಂಡು ಮೆಟ್ಲು ಮೆಟ್ಲಿಗೂ ಕೂತು ಹತ್ತಿದೀನಿ ಕಣೇ.”

ನಮ್ಮ ಕಡೆ ಬಿಸಿಲಿಗೆ ಝಳ ಎನ್ನುತ್ತೇವೆ. ಕೋಳಿಯ ಸುದ್ದಿ ಬಂದಲ್ಲಿ ಕಾವು ಎಂದರೆ ತತ್ತಿಯ ಮೇಲೆ ಕೂರುವ ಕಾವು, ಬೇರೆ ಅರ್ಥ ಹ್ಯಾಚರಿಯವಳಾದ ನನ್ನ ಕಿವಿಗೆ ಬೀಳುವುದೇ ಇಲ್ಲ. ಅವರು ಆಡಿದ್ದೂ ಅಪ್ಪಟ ಕನ್ನಡ, ನಾನು ಕೇಳಿದ್ದೂ ಅಪ್ಪಟ ಕನ್ನಡ. ನಡುವೆ ಐದು ಹೇಂಟೆಗಳು ಬೆಂದು ಹೋದವು. ಯಾರ ಮೇಲೆ ಸಿಟ್ಟು ಮಾಡುವುದೆಂದು ತಿಳಿಯದೆ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಅತ್ತೆ. ಯಜಮಾನಿ ಅಳಲಿಲ್ಲ. “ಹುಂಜ?” ಎಂದು ಕೇಳಿದರು.

ಹುಂಜ ಬದುಕಿತ್ತು. ಪ್ಲೈವುಡ್ಡಿನ ಮೂಲೆಯಲ್ಲಿ ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು, ಬಾಯಿ ತೆರೆದುಕೊಂಡು ನಿಂತಿತ್ತು.

ಅಲ್ಲಿಂದ ನಾನು ಮಾಡಿದ್ದೆಲ್ಲ ನನಗೆ ಚೆನ್ನಾಗಿ ಗೊತ್ತಿದ್ದ ಕೆಲಸ. ಗದಗಿನ ಬೇಸಿಗೆಯಲ್ಲಿ ಬೆಳೆದವಳಿಗೆ ಬಿಸಿಲು ಹೊಸದಲ್ಲ. ನಮ್ಮಲ್ಲಿ ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟಿದರೆ ಒಳಗೆ ಬರುವ ಗಾಳಿ ತಣ್ಣಗಾಗುತ್ತದೆ, ಕೋಳಿ ಫಾರಂಗಳಲ್ಲೂ ಅದೇ. ಮನೆಯಲ್ಲಿದ್ದ ಗೋಣಿಗಳನ್ನೆಲ್ಲ ನೆನೆಸಿ ಗೂಡಿನ ತೆರೆದಿದ್ದ ಕಡೆಗೆ ಇಳಿಬಿಟ್ಟೆ. ಒಳಗೆ ಟೇಬಲ್ ಫ್ಯಾನ್ ಇಟ್ಟೆ. ಶೀಟಿನ ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿದೆ. ನೆಲದ ಭತ್ತದ ಹೊಟ್ಟಿನ ಮೇಲೂ ಚಿಮುಕಿಸಿದೆ. ಕುಡಿಯಲು ತಾರಸಿಯ ನಲ್ಲಿಯ ನೀರಿಟ್ಟೆ. ಕೋಳಿಗಳು ಕೊಕ್ಕು ಅದ್ದಿ ತಲೆ ಕೊಡವಿದವು. ಬೆರಳಿಟ್ಟು ನೋಡಿದರೆ ಕರೀ ಟ್ಯಾಂಕಿನಿಂದ ಬಂದ ನೀರು ಸ್ನಾನಕ್ಕಾಗುವಷ್ಟು ಬಿಸಿಯಿತ್ತು. ಅದನ್ನು ಚೆಲ್ಲಿ, ಕೆಳಗಿನ ಸಂಪಿನಿಂದ ಕೊಡದಲ್ಲಿ ಹೊತ್ತು ತಂದೆ.

ಆ ದಿನಗಳಲ್ಲಿ ಬಿಸಿಲಿನ ಜೊತೆ ಮೋಡವೂ ಇತ್ತು. ಮಧ್ಯಾಹ್ನ ಕಟ್ಟಿಕೊಂಡು ಬರುತ್ತಿತ್ತು, ಇನ್ನೇನು ಸುರಿಯುತ್ತದೆ ಎನ್ನಿಸುತ್ತಿತ್ತು, ಸುರಿಯುತ್ತಿರಲಿಲ್ಲ. ಮೈಯ ಬೆವರು ಮೈಯಲ್ಲೇ ನಿಲ್ಲುತ್ತಿತ್ತು. ಸಾಲದ್ದಕ್ಕೆ ಕರೆಂಟು ಬೇರೆ ಬೇಕೆಂದಾಗ ಹೋಗುತ್ತಿತ್ತು. ಮರುದಿನ ಬೆಳಿಗ್ಗೆ ಬಂದರೆ ಇನ್ನೆರಡು ಹೇಂಟೆ ಸತ್ತಿದ್ದವು. ಗೋಣಿ ಇನ್ನಷ್ಟು ನೆನೆಸಿದೆ. ಗೂಡಿನೊಳಗೆ ಕಾಲಿಟ್ಟರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಹಬೆ ಮುಖಕ್ಕೆ ರಾಚುತ್ತಿತ್ತು. ಒದ್ದೆ ಹೊಟ್ಟಿನಿಂದ ಎದ್ದ ಘಾಟಿಗೆ ನನ್ನ ಕಣ್ಣಲ್ಲೇ ನೀರು ಬಂತು. ಆದರೂ ನೆನೆಸುವುದು ಬಿಡಲಿಲ್ಲ. ಗೊತ್ತಿದ್ದದ್ದು ಅದೊಂದೇ, ಹಾಗಾಗಿ ಮಾಡಿದ್ದನ್ನೇ ಮಾಡುತ್ತಿದ್ದೆ.

“ಕೊಕ್ಕರೆ ರೋಗ ಏನಾರಾ ಬಂದಿದೆಯಾ ನೋಡ್ಸವ್ವಾ,” ಎಂದರು ಯಜಮಾನಿ. ಆ ರೋಗ ಹೊಕ್ಕರೆ ಗೂಡಿಗೆ ಗೂಡೇ ಖಾಲಿಯಾಗುತ್ತದೆ. ಸತ್ತ ಒಂದು ಹೇಂಟೆಯನ್ನು ಪೇಪರಿನಲ್ಲಿ ಸುತ್ತಿ, ಕವರಿನಲ್ಲಿಟ್ಟು, ಕವರನ್ನು ಬ್ಯಾಗಿನಲ್ಲಿಟ್ಟು ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು ಮೂಗು ಹಿಂಡಿ, “ಮೀನಾ?” ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆ. ಬೇರೆ ಸಮಯದಲ್ಲಾಗಿದ್ದರೆ ನಕ್ಕು ಸಾಯುತ್ತಿದ್ದೆ. ಆ ದಿನ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತೆ.

ಪಶು ಆಸ್ಪತ್ರೆಯ ಡಾಕ್ಟರು ಕೊಯ್ದು ನೋಡಿದರು. ಕರುಳು ನೋಡಿದರು, ಗಂಟಲು ನೋಡಿದರು. “ರೋಗ ಗೀಗ ಏನಿಲ್ಲಮ್ಮ. ಎದೆ ಮಾಂಸ ನೋಡಿ, ಬೇಯಿಸಿದ ಹಂಗಾಗಿದೆ. ಏನ್ ಮಾಡ್ತಿದೀರ ತಂಪಿಗೆ?”

ಹೇಳಿದೆ. ಗೋಣಿ, ಫ್ಯಾನು, ನೀರು ಎಲ್ಲ.

“ಗಾಳಿ ಎಲ್ಲಿಂದ ಹೊರಗೆ ಹೋಗುತ್ತೆ?”

ಮೂರು ಕಡೆ ಪ್ಲೈವುಡ್ಡು, ನಾಲ್ಕನೆಯ ಕಡೆ ಒದ್ದೆ ಗೋಣಿ ಎಂದು ಬೆರಳು ಮಡಿಸಿ ಎಣಿಸಿದೆ.

“ಕೋಳಿಗೆ ಬೆವರಿಲ್ಲ. ಬಾಯಿಂದ ಹಬೆ ಹೊರಗೆ ಹೋದ್ರೇನೇ ಅದರ ಮೈ ತಣ್ಣಗಾಗೋದು. ಸುತ್ತಲೂ ಹಬೇನೇ ತುಂಬಿದ್ರೆ ಅದು ಎಷ್ಟು ತೇಕಿದ್ರೂ ಪ್ರಯೋಜನ ಇಲ್ಲ. ಒಣ ಹವೆಗೆ ನಿಮ್ಮ ಗೋಣಿ ಸರಿ. ಈ ವಾರದ ಹವೆಗಲ್ಲ. ಗಾಳಿ ಆಡೋ ಕಡೆಗೆ ಇಡಿ, ಒಣಗಿರೋ ಕಡೆಗೆ ಇಡಿ.” ನೀರಿಗೆ ಬೆರೆಸುವ ಲವಣದ ಪುಡಿ ಬರೆದುಕೊಟ್ಟರು.

ಬಸ್ಸಿನಲ್ಲಿ ಮರಳುವಾಗ ತಲೆಯಲ್ಲಿ ತಿರುಗುತ್ತಿದ್ದದ್ದು ನನ್ನ ಟವೆಲ್ಲು. ಗದಗಿನಲ್ಲಿ ಒದ್ದೆ ಸೀರೆ ಹರವಿ ಚಹಾ ಕುಡಿದು ಬರುವಷ್ಟರಲ್ಲಿ ಒಣಗಿರುತ್ತದೆ. ಬಿಟಿಎಂನ ಬಾಲ್ಕನಿಯಲ್ಲಿ ಹಿಂದಿನ ದಿನ ಹಾಕಿದ ಟವೆಲ್ಲು ಬೆಳಿಗ್ಗೆಯೂ ಹಸಿಹಸಿಯಾಗಿತ್ತು. ಕೈಯಲ್ಲಿ ಮುಟ್ಟಿ, ಬೈದು, ಅದನ್ನೇ ಹೊದ್ದುಕೊಂಡು ಸ್ನಾನಕ್ಕೆ ಹೋಗಿದ್ದೆ. ಟವೆಲ್ಲು ಒಣಗದ ಹವೆಯಲ್ಲಿ ನೆನೆಸಿದ ಗೋಣಿ ಏನು ತಾನೆ ಮಾಡೀತು? ಇಷ್ಟು ಹೊಳೆಯಲು ನನಗೆ ಬಸ್ಸು, ಡಾಕ್ಟರು, ಕೊಯ್ದ ಕೋಳಿ ಎಲ್ಲ ಬೇಕಾಯಿತಲ್ಲ ಎಂದು ಮೈ ಉರಿಯಿತು.

ಬಂದು ನೋಡಿದರೆ ಯಜಮಾನಿ ತಾರಸಿಯಲ್ಲಿದ್ದರು. ಹೇಗೆ ಹತ್ತಿದರೋ. ಶೀಟಿನ ನೆರಳಿನ ತುದಿಯಲ್ಲಿ ಕಾಲು ಚಾಚಿ ಕೂತು, ಹುಂಜವನ್ನು ಮಡಿಲಲ್ಲಿಟ್ಟುಕೊಂಡು, ಅದರ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ಅದ್ದಿ ಹಿಡಿದಿದ್ದರು. ಅದರ ಜುಟ್ಟು ನೇರಳೆ ಬಣ್ಣಕ್ಕೆ ತಿರುಗಿತ್ತು. ಲವಣದ ನೀರನ್ನು ಹನಿಹನಿಯಾಗಿ ಕೊಕ್ಕಿಗೆ ಬಿಟ್ಟೆ. ಒಂದೆರಡು ಹನಿ ನುಂಗಿತು. ಆಮೇಲಿನದೆಲ್ಲ ಕೊಕ್ಕಿನ ಅಂಚಿನಿಂದ ಹರಿದು ಅವರ ಸೀರೆಗೆ ಇಳಿಯಿತು. ಹುಂಜ ಕತ್ತನ್ನು ಒಮ್ಮೆ ಉದ್ದಕ್ಕೆ ಚಾಚಿತು. ಕೂಗುವುದಕ್ಕೆ ಚಾಚುವ ಹಾಗೇ ಇತ್ತು. ಸದ್ದು ಬರಲಿಲ್ಲ.

“ಮುಗೀತು,” ಎಂದರು ಯಜಮಾನಿ. “ಹುಂಜ ಇಲ್ದ ಮೇಲೆ ಇನ್ನೇನಿದೆ. ಇವೂ ಒಂದೊಂದಾಗಿ ಹೋಗ್ತವೆ, ಅಲ್ಲಿಗೆ ಗಿಡ್ಡಿ ವಂಶ ಮುಗೀತು.”

ಅವರನ್ನು ಆಗ ನೋಡಲು ನನಗೆ ಆಗಲಿಲ್ಲ. ಎದ್ದು ಹೋಗಿ ಗೂಡಿನ ಪ್ಲೈವುಡ್ಡನ್ನು ಕೈಯಿಂದಲೇ ಕಿತ್ತೆ. ಒಂದು ಮೂಲೆ ಬಿಟ್ಟುಕೊಂಡಿತು. ಇನ್ನೊಂದು ಬಿಡಲಿಲ್ಲ, ಕಾಲು ಕೊಟ್ಟು ಎಳೆದೆ. ಹಲಗೆ ಸಮೇತ ಹಿಂದಕ್ಕೆ ಬಿದ್ದೆ. ಬಿದ್ದಲ್ಲಿಂದಲೇ ಹೇಳಿದೆ: “ಮುಗದಿಲ್ರೀ ಅಕ್ಕಾರ. ಹುಂಜ ಸತ್ತರೂ ಹ್ಯಾಟಿ ಹೊಟ್ಟ್ಯಾಗ ಅದರ ಬೀಜ ಒಂದೆರಡು ವಾರ ಜೀವಂತ ಇರತೈತ್ರಿ. ಈ ವಾರ ಇಟ್ಟ ತತ್ತಿ ಮರಿ ಆಗಬಹುದು. ಆದ್ರ ಹ್ಯಾಟಿ ಉಳೀಬೇಕು. ಇಲ್ಲಿ ಇದ್ರ ಉಳ್ಯಾಂಗಿಲ್ಲ.”

“ಮತ್ತೆಲ್ಲಿಡ್ತೀಯ?”

“ಕೆಳಗ. ಮೆಟ್ಟಿಲ ಬುಡಕ್ಕ.”

ನೀರಿಗೆಂದು ದಿನಕ್ಕೆ ಹತ್ತು ಸಲ ಸಂಪಿಗೆ ಹೋಗಿ ಬರುವಾಗ ನನ್ನ ಕಾಲಿಗೆ ಗೊತ್ತಾಗಿತ್ತು. ನೆಲಮಹಡಿಯ ಮೆಟ್ಟಿಲ ಕೆಳಗೆ, ಸಂಪಿನ ಪಕ್ಕ, ನೆಲ ಇಡೀ ದಿನ ತಣ್ಣಗಿರುತ್ತದೆ. ಎರಡೂ ತುದಿ ತೆರೆದ ಸಂದು ಅದು. ಬೀದಿ ಕಡೆಯಿಂದ ಬಂದ ಗಾಳಿ ಹಿತ್ತಲ ಕಡೆ ಹೋಗುತ್ತದೆ. ಬಿಸಿಲು ಒಂದು ಗಳಿಗೆಯೂ ಬೀಳುವುದಿಲ್ಲ. ಅಲ್ಲಿ ಕೋಳಿ ಇಡದಿರಲು ಇದ್ದ ಕಾರಣ ಒಂದೇ. ಕೆಳಮನೆಯ ಬಾಡಿಗೆದಾರನ ಬೈಕು ನಿಲ್ಲುವುದು ಅಲ್ಲಿ, ಅವನ ಮಲಗುವ ಕೋಣೆಯ ಕಿಟಕಿ ತೆರೆಯುವುದೂ ಅಲ್ಲಿಗೇ.

ಯಜಮಾನಿ ಸತ್ತ ಹುಂಜವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದರು. “ನಡಿ,” ಎಂದರು.

ಬುಟ್ಟಿಗಳಲ್ಲಿ ಎರಡೆರಡು ಹೇಂಟೆ ಇಟ್ಟು ಇಳಿಸಿದೆ. ಬೈಕನ್ನು ತಳ್ಳಿ ಹೊರಗೆ ನಿಲ್ಲಿಸುವಾಗ ಸದ್ದಿಗೆ ಎದ್ದ ಬಾಡಿಗೆದಾರ ಬನಿಯನ್ನಿನಲ್ಲೇ ಹೊರಗೆ ಬಂದ.

“ಆಂಟಿ, ಏನಿದು? ಗಾಡಿ ಬಿಸ್ಲಲ್ಲಿ ನಿಲ್ಸಿದೀರ. ಮೇಲಿದ್ದಾಗ್ಲೇ ನಿದ್ದೆ ಇಲ್ಲ, ಈಗ ಕಿಟಕಿ ಪಕ್ಕಾನೇ ಕೋಳಿ ತಂದಿಟ್ರೆ ನಾನೇನ್ ಮಾಡ್ಲಿ?”

ಯಜಮಾನಿ ಸೆರಗು ತೆಗೆದು ತೋರಿಸಿದರು. “ಕೂಗೋನು ಹೋದ ಕಣಪ್ಪಾ. ಇನ್ ಮೇಲೆ ನೀನು ನೆಮ್ದಿಯಾಗಿ ಮಲ್ಕೋ.”

ಅವನು ಹುಂಜವನ್ನು ನೋಡಿದ, ಅವರನ್ನು ನೋಡಿದ. ಆಮೇಲೆ ಬೈಕನ್ನು ತಾನೇ ಇನ್ನೂ ಆಚೆ ತಳ್ಳಿಕೊಂಡು ಹೋದ.

ಒದ್ದೆ ಹೊಟ್ಟು ಬಿಟ್ಟು ಒಣಮರಳು ಹಾಸಿದೆ. ಬೆಕ್ಕು ನಾಯಿ ಬರದಂತೆ ಎರಡೂ ಕಡೆ ಜಾಲರಿ ಕಟ್ಟಿಸಿದೆವು, ಗಾಳಿಗೆ ಅಡ್ಡಿಯಿಲ್ಲದಂತೆ. ಫ್ಯಾನನ್ನು ಕೋಳಿಗಳ ಕಡೆಗೆ ತಿರುಗಿಸದೆ, ಒಳಗಿನ ಗಾಳಿಯನ್ನು ಹಿತ್ತಲಿಗೆ ತಳ್ಳುವಂತೆ ಇಟ್ಟೆ. ಕಾಲದ್ದಿ ನಿಲ್ಲಲು ಆಳವಿಲ್ಲದ ತಟ್ಟೆಯಲ್ಲಿ ಸಂಪಿನ ನೀರು, ಕುಡಿಯಲು ಮಣ್ಣಿನ ಬೋಗುಣಿಯಲ್ಲಿ ಲವಣದ ನೀರು. ಕಾಳನ್ನು ಬಿಸಿಲೇರುವ ಮೊದಲು, ಮತ್ತೆ ಬಿಸಿಲಿಳಿದ ಮೇಲೆ ಮಾತ್ರ ಕೊಟ್ಟೆ. ತಿಂದದ್ದು ಕರಗುವಾಗಲೂ ಮೈಯಲ್ಲಿ ಬಿಸಿ ಹುಟ್ಟುತ್ತದೆ. ನಡುಹಗಲಿಗೆ ಸೌತೆಕಾಯಿ ಹೋಳು, ಕಲ್ಲಂಗಡಿ ಸಿಪ್ಪೆ. ಕಾಲಿನ ಪುಕ್ಕವನ್ನು ಕತ್ತರಿಯಿಂದ ಸವರಿದೆ. ಅದನ್ನು ನೋಡಲಾರದೆ ಯಜಮಾನಿ ಒಳಗೆ ಹೋದರು. ಗಿಡ್ಡಿಯರಿಗೆ ಇದ್ದ ಅಲಂಕಾರವೆಂದರೆ ಅದೊಂದೇ.

ಇಷ್ಟೆಲ್ಲ ಮಾಡಿದ ಮೇಲೂ ಮರುದಿನ ಒಂದು ಹೇಂಟೆ ಸತ್ತಿತು, ಅದರ ಮರುದಿನ ಇನ್ನೊಂದು. ಮೊದಲೇ ಕಾವಿಗೆ ಬೆಂದಿದ್ದವು, ಇಳಿಸಿದ್ದು ತಡವಾಗಿತ್ತು. ಉಳಿದವು ಏಳು. ಆ ಎರಡನೆಯದನ್ನು ಹೂಳುವಾಗ ನನಗೆ ಎಲ್ಲವನ್ನೂ ಬಿಟ್ಟು ಬಿಟಿಎಂಗೆ ಓಡಿಹೋಗಿ ಬಾಗಿಲು ಹಾಕಿಕೊಳ್ಳಬೇಕೆನ್ನಿಸಿತು. ಯಜಮಾನಿ ನನಗೆ ಒಂದು ಮಾತೂ ಅನ್ನುತ್ತಿರಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮೂರನೆಯ ದಿನ ಯಾವುದೂ ಸಾಯಲಿಲ್ಲ. ಬಾಯಿ ಮುಚ್ಚಿಕೊಂಡು ನಿಂತ ಕೋಳಿಯನ್ನು ನೋಡುವುದು ಎಷ್ಟು ದೊಡ್ಡ ಸುಖವೆಂದು ಅಲ್ಲಿಯ ತನಕ ನನಗೆ ಗೊತ್ತಿರಲಿಲ್ಲ. ಮರಳ ಮೇಲೆ ಒಂದು ಮೊಟ್ಟೆಯೂ ಸಿಕ್ಕಿತು. ಹೊಸ ಮಡಕೆಯಲ್ಲಿ ಹಸಿಮರಳು ತುಂಬಿ, ಮೊಟ್ಟೆಯ ಚೂಪು ತುದಿ ಕೆಳಗಾಗುವಂತೆ ಅದರಲ್ಲಿಟ್ಟು ಸಂಪಿನ ಪಕ್ಕ ನೆಲೆಗೊಳಿಸಿದೆ. ಮುಂದಿನ ಒಂದು ವಾರದಲ್ಲಿ ಮಡಕೆಗೆ ಏಳು ಮೊಟ್ಟೆ ಬಿದ್ದವು. ಆಮೇಲೆ ಎಲ್ಲ ಹೇಂಟೆಗಳೂ ಇಡುವುದನ್ನು ನಿಲ್ಲಿಸಿದವು.

ಆ ಏಳು ಮೊಟ್ಟೆಗಳಲ್ಲೇ ಹುಂಜವಿದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಈಗ ಅವುಗಳ ಮೇಲೆ ಕೂರುವವರು ಬೇಕು. ಹಳೆಯ ಹ್ಯಾಚರಿಗೆ ಫೋನು ಮಾಡಿದೆ. ಸಾವಿರಗಟ್ಟಲೆ ಮೊಟ್ಟೆ ಕೂರಿಸುವ ಮೆಷಿನ್ನಿಗೆ ಏಳು ಮೊಟ್ಟೆ ಹೊತ್ತು ಹುಬ್ಬಳ್ಳಿ ತನಕ ಬರುತ್ತೀಯಾ, ತಲೆ ನೆಟ್ಟಗಿದೆಯಾ ಎಂದು ಕೇಳಿದರು. ಕಾವಿಗೆ ಕೂತ ನಾಟಿ ಕೋಳಿಯನ್ನು ಹುಡುಕಿಕೊಂಡು ಯಜಮಾನಿ ಕುಂಟುತ್ತ ಊರೆಲ್ಲ ತಿರುಗಿದರು. ಕೋಳಿ ಇದ್ದ ಮನೆಗಳೆಲ್ಲ ಪೀಜಿಗಳಾಗಿದ್ದವು. ಇಟ್ಟ ಮೊಟ್ಟೆ ಹತ್ತು ದಿನ ದಾಟಿದರೆ ಜೀವ ಕುಂದುತ್ತ ಹೋಗುತ್ತದೆ. ಬೇಡವೆಂದಾಗ ಮೂಲೆಮೂಲೆಗೆ ಹೋಗಿ ಕೂರುತ್ತಿದ್ದ ಹೇಂಟೆಗಳು, ಬೇಕೆಂದಾಗ ಮರಳಲ್ಲಿ ಹೊರಳಾಡಿಕೊಂಡು ಆರಾಮವಾಗಿದ್ದವು. ಅವುಗಳ ಮುಂದೆ ಕೂತು ಬೇಡಿಕೊಂಡಿದ್ದೇನೆ, ಬೈದಿದ್ದೇನೆ.

ಒಂದು ಸಂಜೆ ಕೊನೆಗೂ ಮಳೆ ಬಂತು. ಸಂದಿನಲ್ಲಿ ತಣ್ಣನೆ ಗಾಳಿ ನುಗ್ಗಿತು. ಮರುದಿನ ಬೆಳಿಗ್ಗೆ ನಾನು ಚಪ್ಪಲಿ ಬಿಡುವ ಮೊದಲೇ ಯಜಮಾನಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು.

“ಮೊಂಡಿ ಕೂತ್ಬಿಟ್ಟವಳೆ,” ಎಂದರು. ಒಂದು ಬೆರಳು ಮುರಿದಿದ್ದ, ಎಲ್ಲಕ್ಕಿಂತ ವಯಸ್ಸಾದ ಹೇಂಟೆ ಅದು. “ಏಳ್ತಾನೇ ಇಲ್ಲ. ಕಾಳು ಹಾಕಿದ್ರೂ ಬರ್ಲಿಲ್ಲ.”

“ಯಾವ ಕಾವ್ರೀ ಅಕ್ಕಾರ?”

“ಅದು ನಂಗೊತ್ತಿದ್ರೆ ನಿನ್ನನ್ಯಾಕೆ ಕಾಯ್ತಿದ್ದೆ?”

ಮೆಟ್ಟಿಲ ಕೆಳಗಿನ ಕತ್ತಲೆ ಮೂಲೆಯಲ್ಲಿ ಮೊಂಡಿ ಚಪ್ಪಟೆಯಾಗಿ ಕೂತಿತ್ತು. ಬುಟ್ಟಿಯ ಕೆಳಗೆ ನೋಡಿದ್ದೂ ಹೀಗೇ ಚಪ್ಪಟೆಯಾದ ಕೋಳಿಗಳನ್ನೇ. ಮೊಣಕಾಲೂರಿ ಹತ್ತಿರ ಹೋದೆ. ಬಾಯಿ ಮುಚ್ಚಿತ್ತು. ರೆಕ್ಕೆ ಮೈಗಂಟಿಕೊಂಡಿತ್ತು, ಬೆನ್ನಿನ ಪುಕ್ಕ ಮಾತ್ರ ಕೆದರಿ ನಿಂತಿತ್ತು. ಅಷ್ಟರಿಂದ ನಂಬಲು ಧೈರ್ಯ ಬರಲಿಲ್ಲ. ನಿಧಾನವಾಗಿ ಅದರ ಎದೆಯ ಕೆಳಗೆ ಕೈ ಹಾಕಿದೆ. ಅಲ್ಲಿ ಪುಕ್ಕ ಉದುರಿ ಚರ್ಮ ಬೆಚ್ಚಗಿತ್ತು. ಮೊಂಡಿ ಗಂಟಲೊಳಗೇ ಗುರುಗುಟ್ಟಿತು. ಆಮೇಲೆ ನನ್ನ ಮುಂಗೈಯ ಚರ್ಮ ಹಿಡಿದು, ತಿರುಚಿ, ರಕ್ತ ಬರುವಂತೆ ಕುಕ್ಕಿತು.

ಬಿಸಿಲಿಗೆ ಬಿದ್ದ ಕೋಳಿಗೆ ಕುಕ್ಕುವ ತ್ರಾಣ ಇರುವುದಿಲ್ಲ. “ಕುಕ್ಕಿತ್ರೀ!” ಎಂದು ಕಿರುಚಿಕೊಂಡೆ. ಕೈಯ ರಕ್ತವನ್ನು ಯಜಮಾನಿಗೆ ತೋರಿಸಿ ಅಳುತ್ತ ನಗುತ್ತ ನಿಂತೆ. ಅವರು ನನ್ನ ಕೈಗೆ ಅರಿಶಿನ ಮೆತ್ತಿದರು. ಆಮೇಲೆ ಮಡಕೆಯಿಂದ ಒಂದೊಂದೇ ಮೊಟ್ಟೆ ತೆಗೆದು ಸೆರಗಿನಲ್ಲಿ ಒರೆಸಿ ಕೊಟ್ಟರು. ನಾನು ಇನ್ನೂ ಎರಡು ಸಲ ಕುಕ್ಕಿಸಿಕೊಂಡು ಏಳನ್ನೂ ಮೊಂಡಿಯ ಕೆಳಗೆ ಸರಿಸಿದೆ.

ವಾರ ಕಳೆದ ಮೇಲೆ ರಟ್ಟಿನ ಕೊಳವೆಗೆ ಟಾರ್ಚು ಹಿಡಿದು ಮೊಟ್ಟೆಗಳನ್ನು ಬೆಳಕಿಗೆ ನೋಡಿದೆ. ನಾಲ್ಕು ಬರಿದು. ಮೂರರಲ್ಲಿ ಕೆಂಪು ನರಗಳು ಹರಡಿದ್ದವು. ಮೂರು ವಾರಕ್ಕೆ ಇನ್ನೊಂದೆರಡು ದಿನವಿರುವಾಗ ಎರಡು ಮರಿ ಹೊರಬಂದವು. ಮೂರನೆಯದು ಚಿಪ್ಪಿಗೆ ತೂತು ಮಾಡಿ ಅಷ್ಟಕ್ಕೇ ನಿಂತುಬಿಟ್ಟಿತು.

ಎರಡು ಕರೀ ಮರಿಗಳು. ಹುಂಜವೋ ಹೇಂಟೆಯೋ ಅಷ್ಟು ಚಿಕ್ಕದರಲ್ಲಿ ಹೇಳಲಾಗುವುದಿಲ್ಲ. ಯಜಮಾನಿ ದಿನಾ ಕೇಳುತ್ತಿದ್ದರು, ನಾನು ದಿನಾ ಗೊತ್ತಿಲ್ಲವೆನ್ನುತ್ತಿದ್ದೆ. ಮಳೆಗಾಲ ನಡೆಯುತ್ತಿತ್ತು. ಒಂದು ಮರಿಯ ಕಾಲು ತುಸು ದಪ್ಪವಾಗಿ ಕಂಡಿತು, ಜುಟ್ಟು ತುಸು ಕೆಂಪೇರಿದಂತೆ ಕಂಡಿತು. ಕಂಡದ್ದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಮತ್ತೊಮ್ಮೆ ಅವರಿಗೆ ಏನನ್ನಾದರೂ ತಪ್ಪಾಗಿ ಹೇಳುವ ಧೈರ್ಯ ನನಗಿರಲಿಲ್ಲ.

ಒಂದು ಬೆಳಿಗ್ಗೆ ನಾವಿಬ್ಬರೂ ಅಡುಗೆಮನೆಯ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದೆವು. ಕೆಳಮನೆಯ ಬಾಡಿಗೆದಾರ ಮೆಟ್ಟಿಲು ಹತ್ತಿ ಬಂದ. ಕಣ್ಣು ಕೆಂಪಾಗಿತ್ತು, ಕೂದಲು ಕೆದರಿತ್ತು.

“ಆಂಟಿ, ಕಿಟಕಿ ಪಕ್ಕ ಏನೋ ಹೊಸದು ಶುರುವಾಗಿದೆ. ಗಂಟ್ಲು ಕಟ್ಟಿರೋರು ಕೆಮ್ಮಿದ ಹಂಗೆ. ಮಲಗಿದಾಗಿಂದ ನಾಲ್ಕೈದು ಸಲ ಆಯ್ತು. ನಿದ್ದೇನೇ ಬರ್ತಿಲ್ಲ.”

ಯಜಮಾನಿಯ ಕೈಯಲ್ಲಿದ್ದ ಸೊಪ್ಪು ಅಲ್ಲೇ ನಿಂತಿತು. “ಏನಂದೆ?”

“ಕೋಳಿ ಆಂಟಿ. ನಿಮ್ ಕೋಳಿ. ಕೂಗ್ತಿದೆ.”

“ಇನ್ನೊಂದ್ಸಲ ಹೇಳಪ್ಪಾ.”

ಅವರಿಗೆ ಕಿವಿ ಕೇಳಿಸಲಿಲ್ಲವೆಂದುಕೊಂಡು ಅವನು ಜೋರಾಗಿ ಕೂಗಿ ಹೇಳಿದ. “ಹುಂಜ ಆಂಟಿ! ಹುಂಜ ಕೂಗ್ತಿದೆ!”

ಯಜಮಾನಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಮತ್ತೊಮ್ಮೆ ಹೇಳು ಎಂದು ಅವನಿಗೆ ಸನ್ನೆ ಮಾಡಿದರು.